ನಿಲುವಂಗಿಯ ಕೆಂಪು

ರೂರ್ಮಂಡ್, 14 ಸೆಪ್ಟೆಂಬರ್ 1961

ಅಕ್ಕಾ,

ನೀನು ಇದನ್ನು ಗಟ್ಟಿಯಾಗಿ ಓದುವಾಗ ಭಾವ ಪಕ್ಕದಲ್ಲೇ ಕೂತಿರುತ್ತಾರೆಂದು ಅಕ್ಷರ ಬಿಡಿಸಿ ಬರೆದಿದ್ದೇನೆ. ನೀನು ತಡವರಿಸಿದರೆ ಅವರಿಗೆ ರೇಗುತ್ತದೆ. ಅವರ ಕಣ್ಣಿನ ಪೊರೆ ಹೇಗಿದೆ? ವಸಂತದಲ್ಲಿ ತೆಗೆಯುತ್ತೇವೆ ಎಂದಿದ್ದರಲ್ಲ ಡಾಕ್ಟರು, ಆಗ ತೆಗೆಯಲೇ ಇಲ್ಲವೇ?

ವಿಷಯಕ್ಕೆ ಬರುತ್ತೇನೆ. ನಮ್ಮ ಟೆರ್ಲಿಂಡನ್ ಕಂಪನಿಯ ಬಣ್ಣದ ಟಿವಿ ಕ್ಯಾಮೆರಾದ ಪೇಟೆಂಟ್ ಅರ್ಜಿ ಹೋದ ವಾರ ಪ್ರಕಟವಾಯಿತು. ಕ್ಯಾಮೆರಾದೊಳಗಿನ ಗಾಜಿನ ಕೊಳವೆಗೆ ಕೆಂಪು ಕಾಣುತ್ತಿರಲಿಲ್ಲ. ಅದರೊಳಗಿನ ಸೀಸದ ಪದರಕ್ಕೆ ಚೂರೇ ಚೂರು ಗಂಧಕದ ಹಬೆ ಊಡಿಸಿ ಕೆಂಪು ಕಾಣಿಸಿದವನು ನಿನ್ನ ತಮ್ಮ. ಆದರೆ ಸಂಶೋಧಕರ ಹೆಸರಿನ ಜಾಗದಲ್ಲಿ ಅಚ್ಚಾಗಿರುವುದು ನಮ್ಮ ಮುಖ್ಯಸ್ಥ ಡಾ. ವಾನ್ ಆಸ್ಪರನ್ ಒಬ್ಬರದೇ. 1959ರ ಜನವರಿಯಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬರುವಾಗ ಅವರಿಗೆ ಹೊಳೆಯಿತಂತೆ. ಹೊಳೆಯಲಿ ಪಾಪ. ಅದಕ್ಕೂ ಒಂದು ತಿಂಗಳು ಮೊದಲೇ ಆ ಕೊಳವೆ ನನ್ನ ಮೇಜಿನ ಮೇಲಿತ್ತು. ಪ್ರಯೋಗಾಲಯದ ಕಾಗದಗಳೆಲ್ಲ ಅವರ ಬೀರುವಿನಲ್ಲಿವೆ, ಜೊತೆಗಿದ್ದ ಇಬ್ಬರೂ ಅವರು ಹೂಂ ಅಂದರೆ ಹೂಂ ಅನ್ನುವವರು.

ಆದರೂ ನನಗೊಬ್ಬ ಸಾಕ್ಷಿ ಇದ್ದಾರೆ. ನಿನ್ನ ಪಕ್ಕದಲ್ಲಿ ಪೈಪ್ ಸೇದುತ್ತ ಕೂತಿದ್ದಾರಲ್ಲ, ಅವರೇ. 1958ರ ಡಿಸೆಂಬರಿನ ಸಿಂಟ್ ನಿಕೋಲಾಸ್ ಹಬ್ಬಕ್ಕೆ, ಕೆಂಪು ನಿಲುವಂಗಿಯ ಗಡ್ಡದ ಸಂತ ಉಡುಗೊರೆ ತರುತ್ತಾನೆಂದು ಕಂಪನಿಯವರ ಮಕ್ಕಳನ್ನೆಲ್ಲ ಸೇರಿಸಿದ್ದೆವು. ನಮ್ಮಲ್ಲೇ ಯಾರಾದರೂ ಗಡ್ಡ ಕಟ್ಟಿಕೊಂಡು ಸಿಂಟ್ ಆದರೆ ಮಕ್ಕಳು ಧ್ವನಿ ಹಿಡಿದುಬಿಡುತ್ತವೆ ಎಂದು, ಹೆರಿಂಗ್ ಮೀನಿನ ಡಬ್ಬ ಹೊತ್ತು ನಮ್ಮ ಮನೆಗೆ ಬಂದಿದ್ದ ಭಾವನಿಗೆ ನಾನೇ ವೇಷ ಹಾಕಿಸಿದೆ. ಪ್ರಯೋಗಾಲಯದಲ್ಲಿ ಕ್ಯಾಮೆರಾ ಮುಂದೆ ನಿಲ್ಲಿಸಿದೆ. ಪಕ್ಕದ ಹಾಲ್‌ನಲ್ಲಿ ಪರದೆ, ಮುಂದೆ ಮಕ್ಕಳು; ಕ್ಯಾಮೆರಾ ಪಕ್ಕ ನಮಗೂ ಒಂದು ಚಿಕ್ಕ ಪರದೆ. ನೋಡಿದರೆ ಸಿಂಟ್‌ನ ಕೆಂಪು ನಿಲುವಂಗಿ ಕೋಕೋ ಬಣ್ಣಕ್ಕಿದೆ. ಆಗ ಐದು ವರ್ಷದ ನಮ್ಮ ಫೆಮ್ಕೆ, 'ಇದು ಸಿಂಟ್ ಅಲ್ಲ, ಯಾರೋ ಕಳ್ಳ' ಎಂದು ಗೋಳೋ ಎಂದು ಅತ್ತಳು. ಅವಳ ಹಿಂದೆ ಉಳಿದವೂ ಶುರುಮಾಡಿದವು. ನನಗೆ ತಡೆಯಲಾಗಲಿಲ್ಲ. ಗಂಧಕ ಊಡಿಸಿ ಯಾರಿಗೂ ಹೇಳದೆ ಇಟ್ಟಿದ್ದ ಕೊಳವೆಯನ್ನು ತಂದು ಹಾಕಿದೆ. ಪರದೆಯಲ್ಲಿ ನಿಲುವಂಗಿ ಕೆಂಪಾಯಿತು. ಭಾವ ಗಡ್ಡದೊಳಗಿಂದಲೇ, 'ಏನಯ್ಯಾ ಮಾಡ್ದೆ?' ಎಂದು ಕೇಳಿದರು. ಹೆಮ್ಮೆಯಲ್ಲಿ ಗಂಧಕದಿಂದ ಹಿಡಿದು ಒಲೆಯ ಶಾಖದವರೆಗೆ ಎಲ್ಲ ಹೇಳಿದೆ.

ನನ್ನ ಹೆಸರು ಸೇರಿಸಬೇಕೆಂದು ಹೇಗ್‌ನ ಪೇಟೆಂಟ್ ಮಂಡಳಿಗೆ ಅರ್ಜಿ ಹಾಕಿದ್ದೇನೆ. 'ಅಂದು ಸಿಂಟ್ ಆಗಿದ್ದವರು ಸಾಕ್ಷಿ' ಎಂದಷ್ಟೇ ಬರೆದೆ. ಯಾರೆಂದು ಬರೆಯಲು ಕೈ ಬರಲಿಲ್ಲ, ವೇಷದ ಹಿಂದೆ ಯಾರೆಂದು ಬಾಯಿಬಿಡದಿರುವುದು ಚಿಕ್ಕಂದಿನಿಂದ ಆದ ಅಭ್ಯಾಸ. ಡಿಸೆಂಬರಿನಲ್ಲಿ ವಿಚಾರಣೆ. ಭಾವ ಬಂದು ನಾಲ್ಕು ಮಾತು ಹೇಳಿದರೆ ಸಾಕು.

ನಿನ್ನ ಸೀಬ್ರನ್


ಹಾರ್ಲಿಂಗನ್, 20 ಸೆಪ್ಟೆಂಬರ್ 1961

ಸೀಬ್ರನ್,

ಪತ್ರ ಓದಿ ಹೇಳಿದೆ. ನಿನ್ನ ಭಾವನಿಗೆ ಖುಷಿಯೋ ಖುಷಿ. 'ಆ ಗಡ್ಡಕ್ಕೆ ಗೋಂದು ಹಾಕಿ ಅಂಟಿಸಿದ್ದ ಕಣೇ, ಮೂರು ದಿನ ಗಲ್ಲ ಉರೀತಿತ್ತು' ಎಂದು ನಕ್ಕು ಪೈಪ್ ಬೀಳಿಸಿಕೊಂಡರು. ಕಣ್ಣು ಹಾಗೇ ಇದೆ. ಆಪರೇಷನ್ ಎಂದರೆ ಸಮುದ್ರದ ಮೇಲೆ ಬಿರುಗಾಳಿಗೆ ಹೆದರದವರು ಹೆದರುತ್ತಾರೆ. ಈಗ ಎಲ್ಲವೂ ಕಂದಾಗಿ ಕಾಣುತ್ತದಂತೆ, ಅಂಗಡಿಯಲ್ಲಿ ದೋಣಿಗೆ ಬಳಿಯುವ ಕೆಂಪು ಬಣ್ಣದ ಡಬ್ಬ ಕೇಳಿದವರಿಗೆ ಮೊನ್ನೆ ಡಾಂಬರಿನ ಡಬ್ಬ ಕೊಟ್ಟಿದ್ದಾರೆ.

ನನಗೆ ಮಾತ್ರ ಖುಷಿಯಾಗಲಿಲ್ಲ. ನೀನಿರುವ ಮನೆ ಕಂಪನಿಯದು. ಫೆಮ್ಕೆ ಹೋಗುವ ಶಾಲೆ ಕಂಪನಿಯದು. ನಿನ್ನ ಹೆಂಡತಿ ಫೀನ್ ಹಲ್ಲು ಕೀಳಿಸಿಕೊಳ್ಳುವ ಡಾಕ್ಟರೂ ಕಂಪನಿಯವನೇ. ಅನ್ನ ಹಾಕುವವನ ಮೇಲೆ ದೂರು ಕೊಟ್ಟು 'ನಾಲ್ಕು ಮಾತು ಸಾಕು' ಎನ್ನುತ್ತೀಯಲ್ಲೋ. ನಿನಗೆ ಬುದ್ಧಿ ಬರುವುದು ಯಾವಾಗ?

ಅಪ್ಪ ಹೇಳಿದ್ದು ಎರಡೇ ಮಾತು. ಯುದ್ಧದ ಆ ವರ್ಷ ನೀನು ಗ್ರೋನಿಂಗನ್‌ನಲ್ಲಿ ಅಟ್ಟದ ಮೇಲೆ ಅಡಗಿದ್ದೆ, ನೋಡಿಲ್ಲ. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ರಾತ್ರಿ ಕದ್ದು ದೋಣಿ ಹೋಗಲು ಕಾಲುವೆಯ ತೂಬಿನ ಬಾಗಿಲು ತೆಗೆದವನು ಯಾರೆಂದು ಆ ಜರ್ಮನ್ ಅಧಿಕಾರಿ ಮರ್ಯಾದೆಯಿಂದಲೇ ಕೇಳಿದ. ಅಪ್ಪ ಟೋಪಿ ತೆಗೆದು, 'ನಾನೇ, ಸ್ವಾಮಿ' ಎಂದ. ಕಾರಿನಲ್ಲಿ ಕರೆದೊಯ್ದರು, ಮತ್ತೆ ಬರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಸಂಜೆ ಊಟಕ್ಕೆ ಮನೆಯಲ್ಲಿರುತ್ತಿದ್ದ. ಅವನ ತಟ್ಟೆಯಲ್ಲಿ ಆಲೂಗಡ್ಡೆ ಆರುತ್ತ ಕೂತಿದ್ದು ನನಗೆ ಇವತ್ತಿಗೂ ಕಾಣುತ್ತದೆ.

ಅದಕ್ಕೇ ಬೇಡ ಎನ್ನುತ್ತಿದ್ದೇನೆ. ಅರ್ಜಿ ವಾಪಸು ತೆಗೆದುಕೋ.

ರೆನ್ಸ್ಕೆ


ರೂರ್ಮಂಡ್, 9 ಅಕ್ಟೋಬರ್ 1961

ಅಕ್ಕಾ,

ಇನ್ನು ಮುಂದೆ ಫೀನ್‌ಳ ತಾಯಿಯ ಮನೆ ವಿಳಾಸಕ್ಕೆ ಬರೆ. ನಿನ್ನ ಹೋದ ಲಕೋಟೆಯ ಅಂಟು ಸರಿಯಿರಲಿಲ್ಲ. ನನ್ನ ಭ್ರಮೆಯೂ ಇರಬಹುದು.

ಕಂಪನಿಯ ವಕೀಲ ಕ್ರೂಸೆಮನ್ ನನ್ನನ್ನು ಕರೆಸಿದ್ದ. ಕಾಫಿ ಬಗ್ಗಿಸಿ, ಒಂದು ಬಿಸ್ಕತ್ತು ಕೊಟ್ಟು ಡಬ್ಬದ ಮುಚ್ಚಳ ಹಾಕಿದ. ಅಲ್ಲಿಯವರೆಗೆ ಎಲ್ಲ ಮಾಮೂಲಿ. ಆಮೇಲೆ ಹೇಳಿದ: ಒಂದು ಇಂಗ್ಲಿಷ್ ಕಂಪನಿ ನಮ್ಮ ಪೇಟೆಂಟನ್ನೇ ರದ್ದು ಮಾಡಿಸಲು ತಕರಾರು ಹಾಕಿದೆ. ಅದಕ್ಕೆ ಅವರು ಹಿಡಿದಿರುವುದು ನನ್ನ ಅರ್ಜಿಯ ಆ ಒಂದು ಸಾಲು. ಸಿಂಟ್ ಯಾರು?

'ಕಂಪನಿಯವನೇ ಆಗಿದ್ರೆ ತೊಂದರೆ ಇಲ್ಲ, ಅವನೂ ಗುಟ್ಟು ಕಾಯೋನೇ' ಎಂದ. 'ಹೊರಗಿನವನಾಗಿದ್ರೆ? ಅರ್ಜಿ ಹಾಕೋ ಮೂರು ತಿಂಗಳು ಮೊದ್ಲೇ ಎಲ್ಲಾ ಹೇಳ್ಬಿಟ್ಟಿದೀರಿ. ಹೇಳಿದ್ಮೇಲೆ ಅದು ಹೊಸದಲ್ಲ. ಪೇಟೆಂಟ್ ಸತ್ತ ಹಾಗೇ. ನಿಮ್ ಹೆಸರೂ ಇಲ್ಲ, ವಾನ್ ಆಸ್ಪರನ್ ಹೆಸರೂ ಇಲ್ಲ.'

ಅಕ್ಕಾ, ನಾವು ಎಂಥ ಜನ ನೋಡು. ಪ್ರಯೋಗಾಲಯದ ಬಾಗಿಲಿನ ಕಾವಲುಗಾರ ಸೆವ್ರೀನ್ಸ್ ನಿರ್ದೇಶಕರನ್ನೂ ಪಾಸ್ ಇಲ್ಲದೆ ಒಳಗೆ ಬಿಟ್ಟವನಲ್ಲ. ಅವತ್ತು ಭಾವ ಕೋಲು ಹಿಡಿದು ಬಂದಾಗ ಅವನು ಎದ್ದು ನಿಂತು ಟೋಪಿ ತೆಗೆದ. ಸಿಂಟ್ ಹತ್ತಿರ ಪಾಸ್ ಕೇಳುವವರು ಯಾರು? ನನಗೂ ಹೊಳೆಯಲಿಲ್ಲ. ಎರಡು ಬೀಗದ ಹಿಂದಿದ್ದ ಗುಟ್ಟನ್ನು ಹೊರಗಿನವರೊಬ್ಬರಿಗೆ ಬಾಯಿಬಿಟ್ಟು ಹೇಳುತ್ತಿದ್ದೇನೆಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಅವರು ಗಡ್ಡ ಕಟ್ಟಿದ ಮೇಲೆ ಭಾವನೂ ಅಲ್ಲ, ಹೊರಗಿನವರೂ ಅಲ್ಲ, ಸಿಂಟ್.

ದಾರಿಯನ್ನೂ ಕ್ರೂಸೆಮನ್ನೇ ಹೇಳಿದ. ಸೆವ್ರೀನ್ಸ್ ಹೋದ ವರ್ಷ ತೀರಿಕೊಂಡ. ಸಿಂಟ್ ಆಗಿದ್ದವನು ಅವನೇ ಎಂದು ನಾನು ಹೇಳಬೇಕಂತೆ. ಹೇಳಿದರೆ, ಒಂದೆರಡು ವರ್ಷದಲ್ಲಿ ವಾನ್ ಆಸ್ಪರನ್ ಹೆಸರಿನ ಕೆಳಗೆ ನನ್ನದನ್ನೂ ಸೇರಿಸುವ ಬಗ್ಗೆ ಯೋಚಿಸುತ್ತಾರಂತೆ. ಹೇಳದಿದ್ದರೆ ಹೊಸ ವರ್ಷಕ್ಕೆ ಮನೆ ಖಾಲಿ ಮಾಡಬೇಕು. ಹೊಸ ಕಾರ್ಖಾನೆ ಈ ಪೇಟೆಂಟ್ ಮೇಲೆ ನಿಂತಿದೆ, ನಾನೂರು ಜನರ ಕೆಲಸ ಎಂದೂ ನೆನಪಿಸಿದ. ಬೀದಿಗೆ ಸುದ್ದಿ ಆಗಲೇ ಮುಟ್ಟಿದೆ. ಪಕ್ಕದ ಮನೆಯವರು ಕಿಟಕಿಯ ಪರದೆ ಎಳೆದುಕೊಂಡಿದ್ದಾರೆ. ಈ ಬೀದಿಯಲ್ಲಿ ಪರದೆ ಎಳೆದ ಮನೆ ನಾನು ನೋಡಿದ್ದು ಸಾವಿನ ದಿನ ಮಾತ್ರ.

ಭಾವನ ಬಾಯಿಗೆ ಬೀಗ ಹಾಕು. ಯಾರು ಏನು ಕೇಳಿದರೂ.

ಸೀಬ್ರನ್


ಹಾರ್ಲಿಂಗನ್, 17 ಅಕ್ಟೋಬರ್ 1961

ಸೀಬ್ರನ್,

ನೀನು ಹೇಳುವ ಮೊದಲೇ ಹಾಕಿದ್ದೇನೆ. ಆದರೆ ನಿನ್ನ ಭಾವ ಚರ್ಚಿನ ಹಿರಿಯರು, ಅವರ ಬಾಯಿಗೆ ಬೀಗ ಹಾಕಿದರೂ ಮುಖಕ್ಕೆ ಹಾಕಲಾಗುವುದಿಲ್ಲ. ಮೀನಿನ ತೂಕದಲ್ಲಿ ಸುಳ್ಳಾಡಿದವನನ್ನು ಕಂಡರೆ ಬೀದಿಯ ಆಚೆಬದಿಗೆ ಹೋಗುವ ಮನುಷ್ಯ.

ಒಂದು ಮಾತು ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಶುಕ್ರವಾರ ಅಂಗಡಿಗೆ ಒಬ್ಬ ಬಂದಿದ್ದ. ಕಪ್ಪು ಕಾರು, ಬಿಳಿ ಕೈ, ಉಗುರಿನಲ್ಲಿ ಮಣ್ಣಿಲ್ಲ. ಲಂಗರಿನ ಹಗ್ಗ ಕೇಳಿದ. ದೋಣಿ ಎಷ್ಟು ದೊಡ್ಡದೆಂದು ನಿನ್ನ ಭಾವ ಕೇಳಿದರೆ ಸುಮ್ಮನೆ ನಕ್ಕನಂತೆ. ನಾನು ಹಿಂದೆ ಬಟ್ಟೆ ಒಣಹಾಕುತ್ತಿದ್ದೆ, ಬರುವಷ್ಟರಲ್ಲಿ ಹಗ್ಗ ಸುತ್ತಿ ಕಾರಿಗೆ ಹಾಕುತ್ತಿದ್ದ. ಏನು ಮಾತಾಡಿದಿರಿ ಎಂದು ಕೇಳಿದೆ. 'ಗಾಳಿ, ಮಳೆ, ಹಬ್ಬ' ಎಂದರು. ಹಬ್ಬ ಯಾಕೆ ಬಂತು ಎಂದು ಕೇಳಿದರೆ, 'ಅಕ್ಟೋಬರ್ ಬಂತಲ್ಲೇ' ಎಂದು ಪೈಪ್ ಹಚ್ಚಿದರು.

ಆವತ್ತಿನಿಂದ ಕಾರಿನ ಸದ್ದಾದರೆ ಕೈಯಲ್ಲಿದ್ದ ಪಾತ್ರೆ ಜಾರುತ್ತದೆ. ಹದಿನೇಳು ವರ್ಷವಾಯಿತು, ನನ್ನ ಕಿವಿ ಇನ್ನೂ ಆ ಕಿಟಕಿಯಲ್ಲೇ ಇದೆ.

ಸ್ವೆಟರ್ ಕಳಿಸಿದ್ದೇನೆ. ತೋಳು ಉದ್ದವಾದರೆ ಫೀನ್ ಮಡಚಿ ಹೊಲಿಯಲಿ.

ರೆನ್ಸ್ಕೆ


ರೂರ್ಮಂಡ್, 30 ಅಕ್ಟೋಬರ್ 1961

ರೆನ್ಸ್ಕೆ,

ಇಂಗ್ಲಿಷ್ ಕಂಪನಿಯ ವಕೀಲರಿಗೆ ಗೊತ್ತಾಗಿದೆ. ಸಿಂಟ್ ಆಗಿದ್ದವನು ಹಾರ್ಲಿಂಗನ್ ಬಂದರಿನ ವ್ಯಾಪಾರಿ ಎಂದು ಮಂಡಳಿಗೆ ಬರೆದು ಕೊಟ್ಟಿದ್ದಾರೆ. ಕ್ರೂಸೆಮನ್ ಆ ಕಾಗದವನ್ನು ನನ್ನ ಮುಂದೆ ಹಿಡಿದ. ಈ ಸಲ ಬಿಸ್ಕತ್ತೂ ಕೊಡಲಿಲ್ಲ.

ಗಾಳಿ, ಮಳೆ, ಹಬ್ಬ. ನೀನೇ ಬರೆದಿದ್ದೀಯ. ಆ ಬಿಳಿ ಕೈಯವನಿಗೆ ನೀವು ಮಾರಿದ್ದು ಹಗ್ಗವನ್ನೋ ನನ್ನನ್ನೋ? ಭಾವನಿಗೆ ಕಣ್ಣಿನ ಆಪರೇಷನ್‌ಗೆ ಹಣ ಬೇಕಿದ್ದರೆ ನನ್ನನ್ನು ಕೇಳಬಹುದಿತ್ತು.

ನಿನ್ನೆ ಕಂಪನಿಯ ಇಬ್ಬರು ಬಂದು ನಮ್ಮ ಮನೆಯ ಕೋಣೆಗಳ ಅಳತೆ ತೆಗೆದುಕೊಂಡು ಹೋದರು. ಮುಂದೆ ಬರುವವರ ಪರದೆಗಳಿಗಂತೆ. ಫೀನ್ ಅವರಿಗೆ ಬಾಗಿಲು ತೆರೆದು, ಕಾಫಿ ಕೊಟ್ಟು, ಅವರು ಹೋದ ಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನನಗೆ ಕಣ್ಣು ಮುಚ್ಚಿದರೆ ಆ ಅಳತೆಪಟ್ಟಿ ಕಾಣುತ್ತದೆ.

ಸೀಬ್ರನ್


ಹಾರ್ಲಿಂಗನ್, 4 ನವೆಂಬರ್ 1961

ಸೀಬ್ರನ್,

ನಿನ್ನ ಪತ್ರವನ್ನು ಭಾವನಿಗೆ ಓದಲಿಲ್ಲ. ಮದುವೆಯಾದಾಗಿನಿಂದ ಈ ಮನೆಗೆ ಬಂದ ಕಾಗದವನ್ನು ಮುಚ್ಚಿಟ್ಟಿದ್ದು ಇದೇ ಮೊದಲು. ಹಾಳೆಯ ಮೇಲೆ ಕಣ್ಣಿಟ್ಟು, 'ಎಲ್ಲ ಚೆನ್ನಾಗಿದಾರಂತೆ, ಸ್ವೆಟರ್ ತೋಳು ಉದ್ದವಾಯ್ತಂತೆ' ಎಂದು ಮಡಚಿ ಎತ್ತಿಟ್ಟೆ. ಅವರು ನಂಬಿದರು. ನನ್ನ ಧ್ವನಿಯೂ ನಡುಗಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ಮಾರಿದೆವಂತೆ. ನಿನ್ನ ಬಾಯಿಗೆ ಹುಳ ಬೀಳಲಿ. ಚಿಕ್ಕಂದಿನಲ್ಲಿ ನಿನ್ನ ಮೂಗು ಒರೆಸಿದವಳು ನಾನು, ನಿನ್ನ ಕಾಲೇಜಿನ ಪುಸ್ತಕಕ್ಕೆ ತಮ್ಮ ಎರಡನೇ ದೋಣಿ ಮಾರಿದವರು ಅವರು. ಆ ಮನುಷ್ಯ ಹಬ್ಬದ ಮಾತು ಎತ್ತಿದಾಗ ನಿನ್ನ ಭಾವ ಹೇಳಿದ್ದು ಒಂದೇ: 'ನಮ್ ಕಡೆ ಸಿಂಟ್ ಯಾರು ಅಂತ ಕೇಳೋ ಪದ್ಧತಿ ಇಲ್ಲ.' ನಿನ್ನೆ ಗದರಿಸಿ ಕೇಳಿದ ಮೇಲೆ ಹೇಳಿದರು.

ಈಗ ಕೇಳು. ಹೇಗ್‌ನಿಂದ ಸಮನ್ಸ್ ಬಂದಿದೆ. ಡಿಸೆಂಬರ್ ಏಳಕ್ಕೆ ಅವರು ಪ್ರಮಾಣ ಮಾಡಿ ಹೇಳಬೇಕು. ರಾತ್ರಿಯಿಡೀ ಕಾಡಿದೆ, ಅತ್ತೆ, ಕಾಲು ಹಿಡಿದೆ. ಕೊನೆಗೆ ಹೇಳಿದರು:

'ಸುಳ್ಳು ಹೇಳಿದ್ರೆ ಮತ್ತೆ ನಾನು ಚರ್ಚಿನಲ್ಲಿ ಹಿರಿಯರ ಸಾಲಲ್ಲಿ ಕೂರೋಕಾಗಲ್ಲ ಕಣೇ. ಆದ್ರೆ ಬದುಕು ಅವನದು. ಸೀಬ್ರನ್ ಹೇಳು ಅಂದ್ರೆ ಹೇಳ್ತೀನಿ, ಬೇಡ ಅಂದ್ರೆ ಇಲ್ಲ. ಅವನ ಕೈಯಿಂದ ಬರೆದು ಕಳಿಸ್ಲಿ.'

ಈಗ ಎಲ್ಲ ನಿನ್ನ ಒಂದು ಸಾಲಿನಲ್ಲಿದೆ. ಬೇಡ ಎಂದು ಬರೆ. ನಿನ್ನ ಹೆಸರು ಎಲ್ಲೋ ಒಂದು ಕಡೆ ಅಚ್ಚಾಗದಿದ್ದರೆ ಆಕಾಶ ಬೀಳುವುದಿಲ್ಲ. ಫೆಮ್ಕೆ ಬೆಚ್ಚಗೆ ಮಲಗುವ ಮನೆ ಉಳಿಯಲಿ. ಬರೆಯುತ್ತೀಯಲ್ಲ?

ರೆನ್ಸ್ಕೆ


ರೂರ್ಮಂಡ್, 19 ನವೆಂಬರ್ 1961

ಅಕ್ಕಾ,

ಮೊದಲು ನನ್ನ ಕೆನ್ನೆಗೆ ಎರಡು ಬಾರಿಸು. ಬಾಯಿಬಿಟ್ಟದ್ದು ನಮ್ಮ ಫೆಮ್ಕೆ. ಒಂದೂವರೆ ತಿಂಗಳ ಹಿಂದೆ ಶಾಲೆಯ ಬಳಿ ಯಾರೋ ಒಬ್ಬಳು ಅವಳಿಗೆ ಚಾಕಲೇಟ್ ಕೊಟ್ಟು ಸಿಂಟ್ ಕಥೆ ಕೇಳಿದ್ದಾಳೆ. ಇವಳು, 'ಅವತ್ತು ಆಮೇಲೆ ಸಿಂಟ್ ಹಾಲ್‌ಗೆ ಬಂದು ನನ್ನನ್ನ ಎತ್ಕೊಂಡಾಗ ಡೌವೆ ಮಾವನ ಅಂಗಡಿ ವಾಸನೆ ಬಂತು' ಎಂದಿದ್ದಾಳೆ. ಡಾಂಬರಿನ ವಾಸನೆ, ಅಷ್ಟೇ. ನನಗೆ ಹೇಳುವಾಗಲೂ ಅವಳಿಗೆ ಅನುಮಾನವೇ ಇಲ್ಲ. ಸಿಂಟ್ ಹಾರ್ಲಿಂಗನ್‌ನಲ್ಲಿ ಹಡಗು ಇಳಿದು ಮಾವನ ಅಂಗಡಿಯಲ್ಲಿ ಹಗ್ಗ ಕೊಂಡಿರಬೇಕು ಎಂಬುದು ಅವಳ ಲೆಕ್ಕ. ನಿನಗೂ ಭಾವನಿಗೂ ಬರೆದದ್ದನ್ನು ನೆನೆದರೆ ನಾಚಿಕೆಯಿಂದ ಸಾಯುವ ಹಾಗಾಗುತ್ತದೆ. ನೀನು ಅದನ್ನು ಓದಿ ಹೇಳದೆ ಇದ್ದದ್ದು ದೊಡ್ಡ ಉಪಕಾರ.

ಎರಡನೆಯದು. ಸೆವ್ರೀನ್ಸ್‌ನ ಹೆಂಡತಿ ಬೇಕರಿಯಲ್ಲಿ ಸಿಕ್ಕಿದಳು. ಅವಳಿಗೂ ಹೇಳಿಕಳಿಸಿದ್ದಾರೆ, ಗಂಡನೇ ಸಿಂಟ್ ಆಗಿದ್ದ ಎಂದು ಒಪ್ಪಿಕೊಳ್ಳಲು. ಬ್ರೆಡ್ ಎದೆಗೆ ಹಿಡಿದುಕೊಂಡು ಸಣ್ಣ ದನಿಯಲ್ಲಿ ಹೇಳಿದಳು: 'ನಮ್ಮವರು ಬಾಗಿಲು ಬಿಟ್ಟು ಒಂದು ದಿನ ಕದಲಿದವರಲ್ಲ. ಸತ್ತ ಮೇಲೂ ಅವರನ್ನ ಅಲ್ಲೇ ಇರೋಕೆ ಬಿಡಿ.'

ಅಕ್ಕಾ, ಹೆದರಿಕೆ ಇಲ್ಲವೆಂದಲ್ಲ. ಫೀನ್‌ಗೆ ಇನ್ನೂ ಹೇಳಿಲ್ಲ, ಹೇಳಿದರೆ ಧೈರ್ಯ ಹೋಗುತ್ತದೆ. ಆದರೆ ಯೋಚಿಸಿ ಯೋಚಿಸಿ ಇಲ್ಲಿಗೆ ಬಂದೆ. ಪೇಟೆಂಟ್ ಸತ್ತರೂ ಮಂಡಳಿಯ ಕಡತದಲ್ಲಿ ಒಂದು ಮಾತು ಉಳಿಯುತ್ತದೆ: ಆ ಕೆಂಪನ್ನು ಮೊದಲು ಕಾಣಿಸಿದವನು ಇವನು ಎಂದು. ನನಗೆ ಅಷ್ಟು ಸಾಕು. ಮನೆ ಹೋದರೆ ಡೆಲ್ಫ್ಟ್‌ನಲ್ಲಿ ಪಾಠ ಹೇಳುವ ಕೆಲಸ ಕೇಳಿದ್ದೇನೆ, ಕೊಡಬಹುದು.

ಭಾವನಿಗೆ ಇದನ್ನು ಒಂದಕ್ಷರ ಬಿಡದೆ ಓದು: ಭಾವ, ನಿಜವನ್ನೇ ಹೇಳಿ. ನಾನು ನಿಮಗಿಂತ ಮೊದಲು ಹೇಳುತ್ತೇನೆ, ನೀವು ನನ್ನ ಹಿಂದೆ ಹೇಳಿ. ನನಗಾಗಿ ಸುಳ್ಳು ಹೇಳಬೇಡಿ.

ನಿನ್ನ ಸೀಬ್ರನ್


ಹಾರ್ಲಿಂಗನ್, 25 ನವೆಂಬರ್ 1961

ಸೀಬ್ರನ್,

ಪತ್ರ ಬಂತು. ಭಾವನ ಪಕ್ಕ ಒಲೆಯ ಮುಂದೆ ಕೂತು ಓದಿದೆ. ನೀನು ಏನೂ ಯೋಚಿಸಬೇಡ, ಆರನೇ ತಾರೀಖು ಬುಧವಾರ ಸಂಜೆಗೇ ಹೇಗ್ ತಲುಪುತ್ತೇವೆ, ನನ್ನ ಗೆಳತಿಯ ಮನೆಯಲ್ಲಿ ಉಳಿಯುತ್ತೇವೆ. ಮೊದಲೇ ನಮ್ಮನ್ನು ಬಂದು ನೋಡಬೇಡ, ಜನ ಏನಾದರೂ ಅಂದುಕೊಂಡಾರು.

ಇಲ್ಲಿ ಮಂಜು ಬಿದ್ದಿದೆ. ಫೆಮ್ಕೆಗೆ ಸಕ್ಕರೆ ಬ್ರೆಡ್ ಮಾಡಿ ಕಳಿಸುತ್ತಿದ್ದೇನೆ. ಭಾವನ ಕಪ್ಪು ಕೋಟಿಗೆ ಇಸ್ತ್ರಿ ಹಾಕಬೇಕು.

ರೆನ್ಸ್ಕೆ


ರೂರ್ಮಂಡ್, 10 ಡಿಸೆಂಬರ್ 1961

ಅಕ್ಕಾ,

ನೀನು ಅವತ್ತು ಕಾರಿಡಾರಿನಲ್ಲಿ ಭಾವನ ಕೋಟಿನ ಗುಂಡಿ ಹಾಕುತ್ತ ತಲೆ ಎತ್ತಲೇ ಇಲ್ಲ. ರೈಲಿಗೆ ಹೊತ್ತಾಯಿತು ಎಂದು ಭಾವನನ್ನು ಕರೆದುಕೊಂಡು ಹೊರಟುಬಿಟ್ಟೆ. ರೈಲಿಗೆ ಇನ್ನೂ ಎರಡು ಗಂಟೆ ಇತ್ತು.

ಒಳಗೆ ಆದದ್ದನ್ನು ನೀನು ನೋಡಿಲ್ಲ, ಕೇಳು. ನನ್ನನ್ನು ಮೊದಲು ಕರೆದರು. ಸೆವ್ರೀನ್ಸ್ ಅಲ್ಲ, ನನ್ನ ಭಾವ ಡೌವೆ ಸಿಂಟ್ ಆಗಿದ್ದರು ಎಂದೆ. ಎಲ್ಲವನ್ನೂ ಅವರಿಗೆ ಹೇಳಿದೆ ಎಂದೆ. ಕ್ರೂಸೆಮನ್ ಪೆನ್ನಿನ ಕ್ಯಾಪ್ ಹಾಕಿ ಇಟ್ಟ. ವಾನ್ ಆಸ್ಪರನ್ ನನ್ನನ್ನು ನೋಡಲಿಲ್ಲ.

ಆಮೇಲೆ ಭಾವನನ್ನು ಕರೆತಂದರು. ಸಿಂಟ್ ವೇಷದಲ್ಲಿದ್ದವರು ನೀವೇನಾ ಎಂದು ಅಧ್ಯಕ್ಷರು ಕೇಳಿದರು. ಭಾವ, 'ಸಿಂಟ್ ಯಾರು ಅಂತ ಕೇಳ್ತಿದೀರಾ ಸ್ವಾಮಿ? ಸಿಂಟ್ ಅಂದ್ರೆ ಸಿಂಟ್' ಎಂದರು. ಹಬ್ಬ ಕಳೆದು ಎರಡು ದಿನವಾಗಿತ್ತಷ್ಟೇ, ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನು ಹೇಳುತ್ತಾರೆ ಎಂದುಕೊಂಡೆ. ಇಂಗ್ಲಿಷ್ ಕಂಪನಿಯ ವಕೀಲ ಎದ್ದು, ಪ್ರಮಾಣ ನೆನಪಿಸಿ, ಹೌದೋ ಅಲ್ಲವೋ ಎಂದ. ಭಾವ ನಾನು ಎಲ್ಲಿದ್ದೇನೆಂದು ಹುಡುಕಿದರು. ಕಣ್ಣಿಗೆ ಸಿಗದೆ, ಖಾಲಿ ಕುರ್ಚಿಯೊಂದರ ಕಡೆ ಮುಖ ಮಾಡಿ, 'ಅಲ್ಲ. ಅವತ್ತು ನಾನು ಹಾರ್ಲಿಂಗನ್‌ನಲ್ಲೇ ಇದ್ದೆ' ಎಂದರು.

ಮುಗಿಯಿತು. ಪೇಟೆಂಟ್ ಉಳಿಯಿತು, ವಾನ್ ಆಸ್ಪರನ್ ಒಬ್ಬರ ಹೆಸರಿನಲ್ಲಿ. ಎಲ್ಲರ ಕಣ್ಣಿಗೆ ನಾನು ಸ್ವಂತ ಭಾವನನ್ನೇ ಸುಳ್ಳು ಸಾಕ್ಷಿ ಮಾಡಹೊರಟವನು. ಕ್ರೂಸೆಮನ್ ಹೊರಗೆ ಬಂದು ನನ್ನ ಹೆಗಲು ತಟ್ಟಿದ. ಮನೆ ಬಿಡಬೇಕಾಗಿಲ್ಲವಂತೆ. ನನ್ನನ್ನು ಬಲ್ಬ್ ಪರೀಕ್ಷಿಸುವ ವಿಭಾಗಕ್ಕೆ ಹಾಕುತ್ತಾರಂತೆ, ಅಲ್ಲಿ ನರಗಳಿಗೆ ವಿಶ್ರಾಂತಿ. ಪಕ್ಕದ ಮನೆಯವರು ಪರದೆ ಸರಿಸಿದ್ದಾರೆ.

ನೀನು ಟಿಕೆಟ್ ಹುಡುಕುತ್ತಿದ್ದಾಗ ಭಾವ ನನ್ನ ಕೈ ಹಿಡಿದು ಕಿವಿಯಲ್ಲಿ ಹೇಳಿದರು: 'ನೀನು ಬರೆದ ಹಾಗೇ ಹೇಳ್ದೆ ಕಣಪ್ಪ. ಸಾಕಲ್ವಾ?'

ನಾನು ಹಾಗೆ ಬರೆದಿರಲಿಲ್ಲ. ಅಕ್ಕಾ, ಒಲೆಯ ಮುಂದೆ ಕೂತು ನೀನು ಏನು ಓದಿದೆ?

ಜನವರಿ ಏಳರವರೆಗೆ ಮೇಲ್ಮನವಿಗೆ ಅವಕಾಶವಿದೆ. ಭಾವ ತಮ್ಮ ಮಾತನ್ನು ತಿದ್ದಿದರೆ ಮಂಡಳಿಯವರು ಮತ್ತೆ ವಿಚಾರಣೆ ನಡೆಸುತ್ತಾರೆ.

ಸೀಬ್ರನ್


ಹಾರ್ಲಿಂಗನ್, 18 ಡಿಸೆಂಬರ್ 1961

ಸೀಬ್ರನ್,

ನಿನಗೆ ಗೊತ್ತಾಗಿದೆ, ಇನ್ನು ಸುತ್ತುಬಳಸು ಯಾಕೆ. ಫೆಮ್ಕೆಯ ಮಾತು, ಸೆವ್ರೀನ್ಸ್‌ನ ಹೆಂಡತಿಯ ಮಾತು ಎಲ್ಲ ಇದ್ದ ಹಾಗೇ ಓದಿದೆ. ನಿಜ ಹೇಳಿ ಎಂಬಲ್ಲಿಗೆ ಬಂದಾಗ ನಾಲಿಗೆ ತಾನಾಗಿ ಹೊರಳಿತು. 'ಭಾವ, ಏನೂ ಹೇಳಬೇಡಿ, ನನ್ನ ಮನೆ ಉಳಿಸಿ' ಎಂದು ಓದಿದೆ. ಅವರು ಪೈಪ್ ಕೆಳಗಿಟ್ಟರು. ಆಮೇಲೆ, 'ಅಷ್ಟೊಂದು ಹೆದರಿದಾನಾ ಪಾಪ' ಎಂದರು. ಹಾಳೆಯನ್ನು ಒಲೆಗೆ ಹಾಕಿದೆ.

ಹೆದರಿದ್ದು ನೀನಲ್ಲ, ನಾನು. ಇಬ್ಬರು ಗಂಡಸರು ಟೋಪಿ ತೆಗೆದು 'ನಾನೇ, ಸ್ವಾಮಿ' ಎನ್ನುವುದನ್ನು ಮತ್ತೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ. ನಿನಗೆ ಮನೆ ಇದೆ, ಬೆಳಗ್ಗೆ ಏಳುತ್ತೀಯ, ಊಟಕ್ಕೆ ಕೂರುತ್ತೀಯ. ನನಗೆ ಬೇಕಿದ್ದದ್ದು ಅಷ್ಟೇ.

ಆದರೆ ನಿನ್ನ ಭಾವ ಹೋದ ಭಾನುವಾರ ಹಿರಿಯರ ಸಾಲಿಗೆ ಹೋಗಲಿಲ್ಲ. ಬಾಗಿಲ ಬಳಿ, ಮೀನುಗಾರರ ಹುಡುಗರು ಕೂರುವ ಬೆಂಚಿನಲ್ಲಿ ಕೂತರು. ಯಾಕೆಂದು ಪಾದ್ರಿ ಕೇಳಿದರೆ ಕಾಲು ನೋವು ಎಂದರು. ರಾತ್ರಿ ಕತ್ತಲಲ್ಲಿ ಕೇಳುತ್ತಾರೆ, 'ಅವನು ಸಮಾಧಾನವಾಗಿದಾನಾ? ಪತ್ರ ಬಂತಾ?' ಬಂದಿಲ್ಲ ಎನ್ನುತ್ತೇನೆ. ನಿನ್ನದು ನನ್ನ ಹೊಲಿಗೆ ಪೆಟ್ಟಿಗೆಯಲ್ಲಿದೆ.

ಮೇಲ್ಮನವಿ ಹಾಕಿದರೆ ಅವರಿಗೆ ಗೊತ್ತಾಗುತ್ತದೆ, ನಿನಗಾಗಿ ಮಾಡಿದ ಪಾಪ ನಿನ್ನನ್ನೇ ಮುಳುಗಿಸಿತೆಂದು, ಮಾಡಿಸಿದವಳು ನಾನೆಂದು. ಹಾಕು ಎನ್ನುವ ಬಾಯಿಲ್ಲ, ಬೇಡ ಎನ್ನುವ ಮುಖವಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಈಗ ನಾನೇ ಓಡುತ್ತೇನೆ.

ರೆನ್ಸ್ಕೆ


ರೂರ್ಮಂಡ್, 8 ಜನವರಿ 1962

ಅಕ್ಕಾ,

ಮೂರು ವಾರ ಬರೆಯಲಿಲ್ಲ, ಬರೆಯಲು ಆಗಲಿಲ್ಲ. ಎಷ್ಟೋ ಹಾಳೆ ಹರಿದೆ. ಕೆಲವದರಲ್ಲಿ ನಿನ್ನನ್ನು ಬೈದಿದ್ದೆ. ಮೇಲ್ಮನವಿಯ ಗಡುವು ನಿನ್ನೆಗೆ ಮುಗಿಯಿತು.

ಜೊತೆಗೆ ಅಂಟಿಸಿದ ಲಕೋಟೆಯೊಂದಿದೆ. ಅದನ್ನು ಒಡೆಯಬೇಡ. ಓದಿ ಹೇಳಲೂ ಬೇಡ, ಇನ್ನು ಮೇಲೆ ನನ್ನ ಪತ್ರವನ್ನು ನೀನು ಭಾವನಿಗೆ ಓದುವುದು ಬೇಡ. ಒಳಗಿನ ಹಾಳೆಯಲ್ಲಿ ಬ್ರಷ್‌ನಿಂದ, ಅಂಗೈ ಅಗಲದ ಅಕ್ಷರದಲ್ಲಿ ಬರೆದಿದ್ದೇನೆ. ಬೆಳಗ್ಗೆ ಕಿಟಕಿಯ ಬಳಿ ಹಿಡಿದರೆ ಅವರೇ ಓದಿಕೊಳ್ಳಬಹುದು. ಕೊಡಲು ನಿನಗೆ ಹೆದರಿಕೆಯಾಗುತ್ತದೆಂದು ಗೊತ್ತು. ಆಗಲಿ. ಆದರೂ ಕೊಡು.

ಸೀಬ್ರನ್


ಭಾವ,

ಹೇಳಬೇಡಿ ಎಂದು ಬರೆದದ್ದು ನಾನೇ.

ಅಕ್ಕ ಇದ್ದದ್ದನ್ನೇ ಓದಿದಳು.

ಪಾಪ ನನ್ನದು, ನಿಮ್ಮದಲ್ಲ. ಭಾನುವಾರ ನಿಮ್ಮ ಜಾಗದಲ್ಲಿ ಹೋಗಿ ಕೂರಿ.

ಆ ದಿನ ನಿಮ್ಮ ನಿಲುವಂಗಿ ಕೆಂಪಗಿತ್ತು. ನೀವು ನೋಡಿದ್ದೀರಿ. ನನಗೆ ಸಾಕು.

ಸೀಬ್ರನ್